ಬಾಲಮೈತ್ರೀ ಮೀಮಾಂಸೆ: ಎಲ್‌ಕೆಜಿ ಪ್ರಕರಣ

ಶಾಸ್ತ್ರಗ್ರಂಥ ಬರೆಯುವವರು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಇಲ್ಲಿ ವಿಷಯ: ಶೂ ಲೇಸು ಕಟ್ಟಲು ಬಾರದ ಜೀವಿಗಳು ತಮ್ಮತಮ್ಮಲ್ಲೇ ಫ್ರೆಂಡ್ಸ್ ಆಗುವ ಬಗೆ. ಪ್ರಯೋಜನ: ಏನೂ ಇಲ್ಲ. ಸಂಬಂಧ: ಓದುತ್ತಾ ಹೋದಂತೆ ಸಿಕ್ಕರೆ ಸಿಕ್ಕೀತು. ಅಧಿಕಾರಿ, ಅಂದರೆ ಇದನ್ನು ಓದುವ ಅರ್ಹತೆಯುಳ್ಳವನು: ಮಟಮಟ ಮಧ್ಯಾಹ್ನ ಶಾಲೆಯ ಗೇಟಿನಾಚೆ ನಿಂತು, ಒಂದೇ ಬಣ್ಣದ ಯೂನಿಫಾರ್ಮುಗಳ ಪ್ರವಾಹದಲ್ಲಿ ತನ್ನ ಮನೆಯದನ್ನು ಗುರುತು ಹಿಡಿಯಬಲ್ಲವನು.

ಪೂರ್ವಾಚಾರ್ಯರಲ್ಲಿ ಮೊದಲಿಗ ಜರ್ಮನಿಯ ಫ್ರೀಡ್ರಿಕ್ ಫ್ರೋಬೆಲ್. 1837ರಲ್ಲಿ ಬ್ಲಾಂಕೆನ್‌ಬರ್ಗ್ ಎಂಬಲ್ಲಿ ಎಳೆಯ ಮಕ್ಕಳಿಗಾಗಿ ಸಂಸ್ಥೆ ತೆರೆದು, 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್ ಎಂದು ನಾಮಕರಣ ಮಾಡಿದವರು. 1851ರಲ್ಲಿ ಪ್ರಷ್ಯಾ ಸರ್ಕಾರ ಕಿಂಡರ್‌ಗಾರ್ಟನ್‌ಗಳನ್ನೇ ನಿಷೇಧಿಸಿಬಿಟ್ಟಿತು. ಫ್ರೋಬೆಲರ ಸಹೋದರನ ಮಗ ಕಾರ್ಲ್ ಬರೆದದ್ದನ್ನು ಇವರ ತಲೆಗೆ ಕಟ್ಟಿದ್ದರಿಂದ ಹೀಗಾಯಿತೆಂದು ಚರಿತ್ರಕಾರರು ವಿವರಿಸುತ್ತಾರೆ. ನಮ್ಮ ಮತ ಬೇರೆ. ತಿಂಡಿಯ ಬೆಲ್ ಹೊಡೆದೊಡನೆ ಇಡೀ ಕ್ಲಾಸು ಒಂದೇ ಏಟಿಗೆ ಡಬ್ಬಿ ತೆರೆಯುವುದನ್ನು ನಿಷೇಧ ಹೊರಡಿಸಿದ ಮಂತ್ರಿ ಯಾವಾಗಲೋ ಕಣ್ಣಾರೆ ಕಂಡಿರಬೇಕು. ಅಂಥ ಒಗ್ಗಟ್ಟನ್ನು ಕಂಡ ಯಾವ ಸರ್ಕಾರಕ್ಕೆ ನಿದ್ದೆ ಬಂದೀತು? ನಿಷೇಧ ತೆಗೆಯುವ ಹೊತ್ತಿಗೆ 1860 ಬಂತು. ಅಷ್ಟರಲ್ಲಿ ಫ್ರೋಬೆಲ್ ತೀರಿಹೋಗಿದ್ದರು. ನಮ್ಮ ಸರ್ಕಾರಕ್ಕೆ ಧೈರ್ಯ ಹೆಚ್ಚು. 1975ರ ಗಾಂಧಿ ಜಯಂತಿಯಂದು ಶುರುವಾದ ಯೋಜನೆಯಲ್ಲಿ ಟಿ. ನರಸೀಪುರದಿಂದ ಆರಂಭಿಸಿ, ಇಂದು ಊರೂರಿಗೂ ಅಂಗನವಾಡಿ ತೆರೆದು, ಮೂರು ದಾಟಿದ ಮಕ್ಕಳನ್ನು ತಾನೇ ಕರೆದು ಒಟ್ಟಿಗೆ ಕೂರಿಸಿ, ಮೇಲಿಂದ ಮೊಟ್ಟೆಯನ್ನೂ ಕೊಡುತ್ತಿದೆ.

ಇನ್ನು ಮೈತ್ರಿಯ ಉತ್ಪತ್ತಿ. ಜೂನ್ ತಿಂಗಳ ಮೊದಲ ವಾರದಲ್ಲಿ ಎಲ್‌ಕೆಜಿಯಲ್ಲಿ ಸಮಾಜವೆಂಬುದಿಲ್ಲ, ಅಳುವೊಂದೇ ಇದೆ. ಬಾಗಿಲ ಬಳಿ ಒಬ್ಬಳು ರಾಗ ತೆಗೆದರೆ, ಅದುವರೆಗೆ ಗೋಡೆಯ ಮೇಲಿನ ಆನೆಯ ಚಿತ್ರ ನೋಡುತ್ತಾ ನೆಮ್ಮದಿಯಾಗಿದ್ದವನೂ ತನಗೊಬ್ಬಳು ಅಮ್ಮ ಇದ್ದಾಳೆಂದು ನೆನಪಾಗಿ ದನಿಗೂಡಿಸುತ್ತಾನೆ. ಹೀಗೆ ಒಂದೇ ಶ್ರುತಿಯಲ್ಲಿ ಅತ್ತವರು ನಾಲ್ಕನೆಯ ದಿನ ಪಕ್ಕಪಕ್ಕ ಕೂತಿರುತ್ತಾರೆ. ಸಹರೋದನವೇ ಮೈತ್ರಿಯ ಬೀಜವೆಂದು ನಮ್ಮ ಪಕ್ಷ. ಆದರೆ ಈ ಶಾಸ್ತ್ರದಲ್ಲಿ ಯಾರೂ ಮಾತು ಮೀರದ ಪ್ರಮಾಣಪುರುಷಳಾದ ಆಯಮ್ಮ ಇದನ್ನು ಒಪ್ಪುವುದಿಲ್ಲ. ‘ಅತ್ತೂ ಅತ್ತೂ ಸುಸ್ತಾಗಿರ್ತವೆ ಸ್ವಾಮಿ, ಒಬ್ರಿಗೊಬ್ರು ಒರಗ್ಕೊಂಡಿರ್ತವೆ, ಅಷ್ಟೇಯ.’

ಆಮೇಲಿನ ಹಂತಗಳನ್ನು ಅಮೆರಿಕದ ಮಿಲ್ಡ್ರೆಡ್ ಪಾರ್ಟೆನ್ 1932ರಲ್ಲೇ ವಿಂಗಡಿಸಿಟ್ಟಿದ್ದಾರೆ. ಸುಮ್ಮನಿರುವುದು, ಒಬ್ಬೊಬ್ಬರೇ ಆಡುವುದು, ನಿಂತು ನೋಡುವುದು, ಪಕ್ಕದಲ್ಲೇ ಕೂತು ತಮ್ಮತಮ್ಮ ಪಾಡಿಗೆ ಆಡುವುದು, ಬೆರೆತು ಆಡುವುದು, ಕಡೆಗೆ ಎಲ್ಲ ಸೇರಿ ಒಂದೇ ಆಟ ಕಟ್ಟುವುದು. ಈ ಆರನೆಯದು ನಮ್ಮ ಅಪಾರ್ಟ್‌ಮೆಂಟ್ ಸಂಘಗಳಿಗೇ ಇನ್ನೂ ಒಲಿದಿಲ್ಲವಾದ್ದರಿಂದ ಮಕ್ಕಳನ್ನು ಅವಸರಪಡಿಸಬಾರದು. ಹೆಚ್ಚು ರಸವಿರುವುದು ನಾಲ್ಕನೆಯದರಲ್ಲಿ. ಆಗಿನ ಸಂಭಾಷಣೆಯನ್ನು ಜಿನೀವಾದ ಪಿಯಾಜೆ ಸಾಮೂಹಿಕ ಸ್ವಗತವೆಂದು ಕರೆದರು: ಇಬ್ಬರೂ ಮಾತಾಡುತ್ತಾರೆ, ಕೇಳಿಸಿಕೊಳ್ಳುವವರು ಯಾರೂ ಇಲ್ಲ. ಉದಾಹರಣೆಗೆ,

‘ನಮ್ಮನೆ ನಾಯಿ ಮರಿ ಹಾಕೈತೆ.’

‘ನಮ್ಮಜ್ಜಿ ಹಲ್ಲು ತೆಗೀತಾರೆ.’

‘ಐದು!’

‘ನೀರಲ್ಲಿ ಇಡ್ತಾರೆ.’

ಇಷ್ಟಾದ ಮೇಲೆ ಅವರಿಬ್ಬರನ್ನು ಬೇರೆ ಮಾಡಲು ಹೆಡ್‌ಮಿಸ್ಸಿಗೂ ಆಗದು. ಸಾಹಿತ್ಯ ಗೋಷ್ಠಿಗಳಿಗೆ ಹೋಗಿ ಬಂದವರಿಗೆ ಇದರಲ್ಲಿ ಹೊಸದೇನೂ ಕಾಣಿಸಲಿಕ್ಕಿಲ್ಲ. ಮಕ್ಕಳು ಶಾಲು ಹೊದಿಸಿಕೊಳ್ಳುವುದಿಲ್ಲ ಎಂಬುದೊಂದೇ ವ್ಯತ್ಯಾಸ.

ಮೈತ್ರಿಗೆ ಕಾರಣವೇನು? ಇಲ್ಲಿ ಮೂರು ಪೂರ್ವಪಕ್ಷಗಳಿವೆ. ಗುಣಸಾಮ್ಯವಾದಿಗಳು ಸ್ವಭಾವ ಕೂಡಿಬರಬೇಕೆನ್ನುತ್ತಾರೆ; ಇವರು ಮಕ್ಕಳನ್ನು ನೋಡಿದವರಲ್ಲ. ತಿಂಡಿವಾದಿಗಳ ಪ್ರಕಾರ ಯಾರ ಡಬ್ಬಿಯಲ್ಲಿ ಚಿಪ್ಸ್ ಇದೆಯೋ ಅವರ ಸುತ್ತ ಮೈತ್ರಿ, ಉಪ್ಪಿಟ್ಟು ತಂದವನಿಗೆ ಏಕಾಂತ. ಇದು ಬುಧವಾರದ ಮಟ್ಟಿಗೆ ನಿಜ, ಗುರುವಾರ ಚಿಪ್ಸಿನವನೂ ಉಪ್ಪಿಟ್ಟು ತರುತ್ತಾನೆ. ಸಾನ್ನಿಧ್ಯವಾದಿಗಳದು ಮೂರನೆಯ ಪಕ್ಷ: ಪಕ್ಕದಲ್ಲಿ ಕೂತಿದ್ದಾನೆ, ಆದ್ದರಿಂದ ಮಿತ್ರ, ಮಿಸ್ ಜಾಗ ಬದಲಿಸಿದರೆ ಮಿತ್ರನೂ ಬದಲು. ವಾದ ಬಗೆಹರಿಯದೆ ಸ್ವತಃ ಮಗುವನ್ನೇ ಕೇಳಲಾಗಿ,

‘ಅವನು ಯಾಕೆ ಪುಟ್ಟಾ ನಿನ್ನ ಫ್ರೆಂಡು?’

‘ಅವ್ನು ನನ್ ಫ್ರೆಂಡು, ಅದಕ್ಕೆ.’

‘ನಿಂಗೇನಾದ್ರೂ ಕೊಟ್ನಾ?’

‘ಇಲ್ಲ, ನನ್ ಪೆನ್ಸಿಲ್ ಕಿತ್ಕೊಂಡ.’

‘ಅವನ ಹೆಸರೇನು?’

‘ಗೊತ್ತಿಲ್ಲ. ಕೆಂಪು ಬಾಟ್ಲಿಯವ್ನು.’

ಮೊದಲ ಉತ್ತರದಲ್ಲಿ ಆತ್ಮಾಶ್ರಯ ದೋಷವಿದೆಯೆಂದು ನೈಯಾಯಿಕರು ಆಕ್ಷೇಪಿಸುವರು. ಆಕ್ಷೇಪಿಸಲಿ. ನಾಮವಿಲ್ಲದೆ ರೂಪವೊಂದರಿಂದಲೇ ವ್ಯವಹಾರ ಸಾಧ್ಯವೆಂದು ವೇದಾಂತಿಗಳು ಇಷ್ಟು ಕಾಲವಾದರೂ ತೋರಿಸಿಕೊಡದಿದ್ದದ್ದನ್ನು ಕೆಂಪು ಬಾಟಲಿಯೊಂದು ತೋರಿಸಿಕೊಟ್ಟಿದೆ. ಬಾಟಲಿ ಬದಲಾದ ದಿನ ಏನಾಗುವುದೆಂಬ ಸೂಕ್ಷ್ಮ ಪ್ರಶ್ನೆಯನ್ನು ಇಲ್ಲಿ ಎತ್ತಿಕೊಳ್ಳುವುದಿಲ್ಲ.

ರಾಜನೀತಿಯ ದೃಷ್ಟಿಯಿಂದಲೂ ನೋಡಬೇಕು. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿಗಳನ್ನು ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದರು. ರಾಜನಾದವನು ಬಳಸಬೇಕಾದ ಆರು ನೀತಿಗಳನ್ನು ಅದರಲ್ಲಿ ಹೇಳಿದೆ, ಮತ್ತು ರಾಜರು ಅವನ್ನು ವರ್ಷಗಟ್ಟಲೆ ಲೆಕ್ಕ ಹಾಕಿ ಬಳಸುತ್ತಾರೆ. ಎಲ್‌ಕೆಜಿಯಲ್ಲಿ ಆರೂ ಪ್ರಾರ್ಥನೆಗೂ ತಿಂಡಿಗೂ ನಡುವೆ ಮುಗಿದಿರುತ್ತವೆ. ಸಂಧಿ: ನನ್ನ ಹಳದಿ ಕ್ರೆಯಾನ್ ನಿನಗೆ, ನಿನ್ನ ಸೆಂಟ್ ರಬ್ಬರ್ ನನಗೆ, ಮೂಸಿ ವಾಪಸ್. ವಿಗ್ರಹ: ಕಚ್ಚುವುದು. ಆಸನ: ಮೂತಿ ಉಬ್ಬಿಸಿ ಬೆನ್ನು ತಿರುಗಿಸಿ ಕೂರುವುದು. ಯಾನ: ‘ಮಿಸ್ಸ್, ಇವ್ನು ನೋಡೀ...’ ಎಂದು ರಾಗವಾಗಿ ಕೂಗುತ್ತಾ ಮೇಜಿನತ್ತ ದಂಡೆತ್ತಿ ಹೋಗುವುದು. ಸಂಶ್ರಯ: ಆಯಮ್ಮನ ಸೆರಗು. ದ್ವೈಧೀಭಾವವು ಒಬ್ಬನೊಡನೆ ಸಂಧಿ, ಇನ್ನೊಬ್ಬನೊಡನೆ ವಿಗ್ರಹ. ಎಡಗೈಯಲ್ಲಿ ಒಬ್ಬನ ಕೈ, ಬಲಗೈಯಲ್ಲಿ ಮತ್ತೊಬ್ಬನ ಕ್ರಾಪು. ಆದರೆ ಗಡಿಗೆ ತಾಗಿದವನೇ ಶತ್ರು, ಅವನಾಚೆಯವನು ಮಿತ್ರ ಎಂಬ ಕೌಟಿಲ್ಯನ ಮಂಡಲ ಸಿದ್ಧಾಂತ ಇಲ್ಲಿ ಪೂರ್ತಿ ನೆಲಕಚ್ಚುತ್ತದೆ. ಗಡಿಗೆ ತಾಗಿದವನೇ ಶತ್ರು, ಅವನೇ ಮಿತ್ರ. ಅವನಾಚೆಗೆ ಒಬ್ಬನಿದ್ದಾನೆಂಬುದೇ ಇನ್ನೂ ಇವನ ಗಮನಕ್ಕೆ ಬಂದಿಲ್ಲ.

ಠೂ ಬಿಡುವ ವಿಧಿಯನ್ನು ಕೌಟಿಲ್ಯ ಅರಿಯನು. ದೊಡ್ಡವರು ಠೂ ಬಿಟ್ಟರೆ ಫೋನು ಎತ್ತುವುದಿಲ್ಲ, ಅಷ್ಟಕ್ಕೇ ಮುಗಿಯಿತು. ಮಕ್ಕಳ ಠೂ ಹಾಗಲ್ಲ, ಅದಕ್ಕೆ ಶ್ರಮ ಬೇಕು. ಮುಖಕ್ಕೆ ಮುಖ ಕೊಟ್ಟು ಘೋಷಿಸಬೇಕು. ಎದುರಿನವನು ಮರೆತುಬಿಟ್ಟಾನೆಂದು ಮತ್ತೆ ಮತ್ತೆ ಹತ್ತಿರ ಹೋಗಿ ‘ನಾನ್ ನಿನ್ ಹತ್ರ ಮಾತಾಡಲ್ಲ, ಗೊತ್ತಾ?’ ಎಂದು ಮಾತಾಡಿ ಬರಬೇಕು. ‘ಗೊತ್ತು’ ಎಂದು ಅವನೂ ಉತ್ತರಿಸಬೇಕು. ಹೀಗಾಗಿ ಮಾತು ಬಿಟ್ಟ ದಿನವೇ ಅತಿ ಹೆಚ್ಚು ಮಾತು ನಡೆಯುತ್ತದೆ.

ರಾಜಿಯಾಗುವುದು ಪೆಪ್ಪರ್‌ಮಿಂಟಿನಿಂದ. ಇಲ್ಲೊಂದು ಧರ್ಮಸೂಕ್ಷ್ಮವಿದೆ. ಪೆಪ್ಪರ್‌ಮಿಂಟು ಒಂದು, ಬಾಯಿ ಎರಡು. ಕಚ್ಚಿ ತುಂಡು ಮಾಡಿದರೆ ಎಂಜಲು, ಮಾಡದಿದ್ದರೆ ಲೋಭ. ಕಾಗೆ ಎಂಜಲು ಎಂಬ ವಿಧಿ ಹುಟ್ಟಿದ್ದು ಈ ಇಕ್ಕಟ್ಟಿನಲ್ಲೇ ಇರಬೇಕು. ಅಂಗಿಯ ಅಂಚಿನೊಳಗೆ ಪೆಪ್ಪರ್‌ಮಿಂಟನ್ನಿಟ್ಟು, ಬಟ್ಟೆಯ ಮೇಲಿಂದ ಕಟುಂ ಎಂದು ಕಚ್ಚಿದರೆ ಎಂಜಲು ಬಟ್ಟೆಗೆ, ತುಂಡು ಶುದ್ಧ. ಯಾವ ಸ್ಮೃತಿಕಾರನೂ ಇಷ್ಟು ಚಿಕ್ಕದರಲ್ಲಿ ಶೌಚಕ್ಕೂ ದಾನಕ್ಕೂ ಜಗಳ ಬಿಡಿಸಿಲ್ಲ. ಅದೇ ಅಂಗಿಯ ಅಂಚಿನಿಂದ ಬೆಳಗಿನಿಂದ ಮೂಗು ಒರೆಸಿದೆಯಲ್ಲಾ ಎಂದು ಕೆಲವು ತಾಯಂದಿರು ಆಕ್ಷೇಪ ಎತ್ತುವರು. ವಿಧಿಯಿರುವುದು ಎಂಜಲಿನ ವಿಷಯವಾಗಿ, ಮೂಗಿನ ವಿಷಯವಾಗಿ ಅಲ್ಲ. ಶಾಸ್ತ್ರ ಹೇಳದ್ದನ್ನು ಶಾಸ್ತ್ರದ ಬಾಯಲ್ಲಿ ಹೇಳಿಸಬಾರದು.

ಪೋಷಕ ಪ್ರಕರಣವನ್ನು ಬೇಗ ಮುಗಿಸುತ್ತೇವೆ, ಅದು ನೀರಸ. ಹತ್ತೂವರೆಗೆ ಒಂದು ಕಚ್ಚುವಿಕೆ ಸಂಭವಿಸುತ್ತದೆ. ಮಧ್ಯಾಹ್ನದ ಹೊತ್ತಿಗೆ ವಾಟ್ಸಾಪ್ ಗ್ರೂಪಿನಲ್ಲಿ ಹಲ್ಲಿನ ಗುರುತಿನ ಫೋಟೊ, ಅದರ ಕೆಳಗೆ ಸಂಸ್ಕಾರದ ಬಗ್ಗೆ ಉದ್ದುದ್ದ ಸಂದೇಶಗಳು, ಇಬ್ಬರು ಗ್ರೂಪ್ ಬಿಟ್ಟಿರುತ್ತಾರೆ. ಕಚ್ಚಿದವನೂ ಕಚ್ಚಿಸಿಕೊಂಡವನೂ ಆಗ ಜಾರುಬಂಡೆಯ ಹತ್ತಿರ ಸತ್ತ ಜಿರಳೆಯೊಂದಕ್ಕೆ ಕಡ್ಡಿಯಿಂದ ಚಿಕಿತ್ಸೆ ನಡೆಸಿರುತ್ತಾರೆ.

ಫಲಶ್ರುತಿ. ಈ ಪ್ರಕರಣವನ್ನು ಒಮ್ಮೆ ಓದಿದವರ ಮಗುವಿನ ಬಾಟಲಿಯ ಮುಚ್ಚಳ ಕಳೆಯದು. ಕಳೆದರೂ ಬೇರೆ ಯಾರದೋ ಮುಚ್ಚಳ ಮನೆಗೆ ಬಂದೀತು. ಎರಡು ಬಾರಿ ಓದಿದವರಿಗೆ ಎರಡೂ ಕಾಲಿನ ಸಾಕ್ಸು ದೊರೆಯುವುದು. ಮಗುವನ್ನು ಕೂರಿಸಿಕೊಂಡು ಓದಿ ಹೇಳಹೊರಟವರಿಗೆ ಫಲವನ್ನು ಹೇಳಿಲ್ಲ. ಇತಿ ಎಲ್‌ಕೆಜಿ ಪ್ರಕರಣಂ ಸಮಾಪ್ತಂ. ಯುಕೆಜಿ ಪ್ರಕರಣವು ಫೀಸು ಕಟ್ಟಿದ ಮೇಲೆ.