ಡಿಪ್ಪಣ್ಣ

ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿನ ಶನಿವಾರದ ಕೂಟಕ್ಕೆ ಹೋದರೂ ಡಿಪ್ಪಣ್ಣ ಸಿಗುತ್ತಾನೆ. ವಯಸ್ಸು ನಲವತ್ತರ ಆಸುಪಾಸು. ಒಂದು ಕೈಯಲ್ಲಿ ಹೆಜ್ಜೆ ಎಣಿಸುವ ವಾಚು, ಇನ್ನೊಂದು ಕೈಯಲ್ಲಿ ಗಾಜಿನ ಡಬ್ಬಿ. ಡಬ್ಬಿಯೊಳಗೆ ಗಟ್ಟಿ ಮೊಸರಿನ ಹದದ, ಕಡುಹಸಿರು ಬಣ್ಣದ ಒಂದು ಪದಾರ್ಥ. ಯಾರೂ ಕೇಳದಿದ್ದರೂ, "ಪಾಲಕ್ ಹಮ್ಮಸ್, ಮನೇಲೇ ಮಾಡಿದ್ದು" ಎನ್ನುತ್ತಾನೆ. ಹತ್ತು ಜನ ಒಂದೊಂದು ಸಲ ಚಿಪ್ಸ್ ಅದ್ದಿದರೆ ಡಬ್ಬಿಯ ತಳ ಕಾಣುತ್ತದೆ. ಅದರ ಕುರಿತ ವಿವರಣೆ ಮಾತ್ರ ಎಲೆ ಹಾಕುವವರೆಗೂ ಮುಗಿಯುವುದಿಲ್ಲ. ಇವನನ್ನು ಕಂಡು ನಗುವವರು ಬಹಳ, ನಗಬೇಕಾದದ್ದೇ. ಆದರೆ ಹೆಚ್ಚಿನವರು ನಗುವುದು ತಪ್ಪು ಕಾರಣಕ್ಕೆ. ಡಿಪ್ಪಣ್ಣನ ಡಿಪ್ಪಿನಲ್ಲಿ ದೋಷವೇನೂ ಇಲ್ಲ. ಅದನ್ನು ಅವನು ಅಪರೂಪಕ್ಕೊಮ್ಮೆ ಮಾಡುತ್ತಾನೆ ಎಂಬುದೇ ಎಲ್ಲ ತೊಂದರೆಗೂ ಮೂಲ ಎಂದು ನನ್ನ ವಾದ.

ಅವನ ಮೇಲಿನ ಮೊದಲ ಆರೋಪ ಕೂಟದಲ್ಲಿ ಕೂತ ಹಿರಿಯರದು. "ಏನಪ್ಪಾ ಇದು, ನಮ್ಮ ಮಸ್ಸೊಪ್ಪೇ ಅಲ್ವಾ?" ಮೇಲುನೋಟಕ್ಕೆ ಹೌದೆನಿಸುತ್ತದೆ. ತೊಗರಿಬೇಳೆಯ ಜತೆ ದಂಟು, ಚಕೋತ, ಸಬ್ಬಸಿಗೆ ಬೇಯಿಸಿ, ಕಡೆಗೋಲಿನಲ್ಲಿ ಮಸೆದು, ಮುದ್ದೆ ಮುರಿದು ಅದ್ದಿ ತಿನ್ನುವ ನಾಡಿದು. ಕಲಬುರಗಿ ಕಡೆ ಬೇಳೆ ಬೆರೆಸಿದ ಪುಂಡಿಪಲ್ಯವನ್ನು ಜೋಳದ ರೊಟ್ಟಿಯ ಚೂರಿನಲ್ಲಿ ಎತ್ತಿ ತಿನ್ನುವವರಿಗೆ ಅದ್ದುವ ವಿದ್ಯೆಯನ್ನು ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಆದರೂ ಹಿರಿಯರ ವಾದ ನಿಲ್ಲುವುದಿಲ್ಲ. ಮಸ್ಸೊಪ್ಪು ಬಿಸಿಯಾಗಿರಬೇಕು, ಹುಣಸೆಹುಳಿ ಬಿದ್ದಿರಬೇಕು, ಒಗ್ಗರಣೆ ಕಂಡಿರಬೇಕು, ತಟ್ಟೆಯಲ್ಲಿ ಸ್ವಲ್ಪ ಹರಿಯಬೇಕು. ಹಮ್ಮಸ್ಸಿನಲ್ಲಿ ಕಾಬೂಲ್ ಕಡಲೆಯೂ ಅರೆದ ಎಳ್ಳೂ ಎಣ್ಣೆಯೂ ಒಂದಾಗಿ ನುಣ್ಣಗೆ ನಿಲ್ಲಬೇಕು. ಚಿಪ್ಸಿನಿಂದ ಅಂಗಿಯ ಮೇಲೆ ಬೀಳುವ ಹಮ್ಮಸ್ಸು ಕೆಟ್ಟ ಹಮ್ಮಸ್ಸು. ಅರಬ್ ನಾಡಿನವರು ಕಡಲೆ ಅರೆದು ತಣ್ಣಗೆ ತಿನ್ನುವ ಬಗೆಗಳನ್ನು 13ನೆಯ ಶತಮಾನದಲ್ಲೇ ಅಡುಗೆ ಪುಸ್ತಕಗಳಲ್ಲಿ ಬರೆದಿಟ್ಟರು. 2010ರಲ್ಲಿ ಲೆಬನಾನಿನ ಬಾಣಸಿಗರು ಹಮ್ಮಸ್ ತಮ್ಮದೆಂದು ಸಾಧಿಸಲು 10,452 ಕಿಲೋ ಒಂದೇ ತಟ್ಟೆಯಲ್ಲಿ ಮಾಡಿ ಗಿನ್ನೆಸ್ ದಾಖಲೆ ಬರೆದರು. ಅವರ ದೇಶದ ವಿಸ್ತೀರ್ಣ 10,452 ಚದರ ಕಿಲೋಮೀಟರ್. ಚದರ ಕಿಲೋಮೀಟರಿಗೆ ಒಂದು ಕಿಲೋ ಲೆಕ್ಕದಲ್ಲಿ ಅಭಿಮಾನ ಅಳೆಯುವ ಜನರ ಮುಂದೆ ಹೋಗಿ "ಇದು ನಮ್ಮ ಮಸ್ಸೊಪ್ಪು" ಎನ್ನುವ ಧೈರ್ಯ ನಮ್ಮ ಹಿರಿಯರಿಗೆ ಇರಲಾರದು. ಈ ಆರೋಪದಿಂದ ಡಿಪ್ಪಣ್ಣ ಖುಲಾಸೆ.

ಎರಡನೆಯ ಆರೋಪ, ಅವನು ಬುರುಡೆ ಬಿಡುತ್ತಾನೆ ಎಂಬುದು. ಇದೂ ನಿಲ್ಲುವುದಿಲ್ಲ. ಕಡಲೆಗೆ ಚಿಟಿಕೆ ಸೋಡಾ ಹಾಕಿದರೆ ಅದರ ಕೋಶಗಳನ್ನು ಹಿಡಿದಿಟ್ಟ ಪೆಕ್ಟಿನ್ ಸಡಿಲವಾಗಿ ಬೇಗ ಮೆತ್ತಗಾಗುತ್ತದೆ ಎನ್ನುತ್ತಾನೆ, ನಿಜ. ಪಾಲಕ್ಕನ್ನು ಕುದಿನೀರಿನಲ್ಲಿ ಅರೆ ನಿಮಿಷ ಮುಳುಗಿಸಿ ಐಸ್ ನೀರಿಗೆ ಹಾಕಬೇಕು, ಹುಳಿಯೂ ಶಾಖವೂ ಸೇರಿದರೆ ಎಲೆಯ ಪತ್ರಹರಿತ್ತಿನೊಳಗಿನ ಮೆಗ್ನೀಸಿಯಂ ಕಳಚಿಕೊಂಡು ಹಸಿರು ಕಂದುತ್ತದೆ, ಆದ್ದರಿಂದ ನಿಂಬೆರಸ ಕೊನೆಗೆ ಎನ್ನುತ್ತಾನೆ, ಅದೂ ನಿಜ. ಕಡಲೆಯ ಬದಲು ರಾಜ್ಮಾ ಹಾಕುವವರಿಗೆ, ಹಸಿ ರಾಜ್ಮಾದಲ್ಲಿ ಹೊಟ್ಟೆ ಕೆಡಿಸುವ ಲೆಕ್ಟಿನ್ ಇದೆ, ನೆನೆಸಿದ ನೀರು ಚೆಲ್ಲಿ ಹೊಸ ನೀರಿನಲ್ಲಿ ಕನಿಷ್ಠ 10 ನಿಮಿಷ ಕೊತಕೊತ ಕುದಿಸಿ ಆಮೇಲೆ ಪೂರ್ತಿ ಬೇಯಿಸಬೇಕು ಎಂದು ಎಚ್ಚರಿಸುತ್ತಾನೆ, ಇದಂತೂ ಉಪಕಾರವೇ. ಸುಳ್ಳು ಹೇಳುವವನನ್ನು ಬಾಯಿ ಮುಚ್ಚಿಸಬಹುದು, ಸರಿಯಾದದ್ದನ್ನೇ ಹೇಳುವವನಿಗೆ ಏನು ಮಾಡುವುದು? ಇಲ್ಲೇ ನನ್ನ ವಾದಕ್ಕೆ ಸಾಕ್ಷಿ ಸಿಗುತ್ತದೆ. ಇದೇ ರಸಾಯನಶಾಸ್ತ್ರ ನಮ್ಮ ಅಡುಗೆಮನೆಗಳಲ್ಲಿ ಎಂದಿನಿಂದಲೂ ಇದೆ, ಎರಡು ವಾಕ್ಯಗಳಲ್ಲಿ: "ಹುಳಿ ಆಮೇಲೆ ಹಾಕು", "ಸೊಪ್ಪಿಗೆ ಮುಚ್ಚಳ ಮುಚ್ಚಬೇಡ". ಹುಳಿ ಮೊದಲೇ ಬಿದ್ದರೆ ಬೇಳೆ ಬೇಯದು. ಮುಚ್ಚಳ ತೆರೆದಿದ್ದರೆ ಸೊಪ್ಪಿನ ಆಮ್ಲ ಆವಿಯೊಂದಿಗೆ ಹೊರಟು ಹಸಿರು ಉಳಿಯುತ್ತದೆ. ದಿನವೂ ಒಲೆಯ ಮುಂದೆ ನಿಂತವರು ಇಷ್ಟನ್ನು ನಾಲ್ಕಾರು ಪದಕ್ಕೆ ಇಳಿಸಿದ್ದಾರೆ, ಏಕೆಂದರೆ ಅತ್ತ ಅನ್ನ ಉಕ್ಕುತ್ತಿರುತ್ತದೆ. ಡಿಪ್ಪಣ್ಣನ ಒಲೆಯ ಮೇಲೆ ಉಕ್ಕುವಂಥದ್ದು ಇನ್ನೇನೂ ಇಲ್ಲ. ಆದ್ದರಿಂದ ಮಾತೇ ಉಕ್ಕುತ್ತದೆ.

ಅವನ ಪರ ವಕೀಲರೂ ಇದ್ದಾರೆ. ಗಂಡಸು ಅಡುಗೆಮನೆಗೆ ಬಂದನಲ್ಲ, ಅದೇ ದೊಡ್ಡದು ಎನ್ನುತ್ತಾರೆ. ಬಂದದ್ದು ಸಂತೋಷ, ಹೋಗುವಾಗ ಏನು ಬಿಟ್ಟು ಹೋದ ಎಂದೂ ನೋಡಬೇಕು. ಸಿಂಕಿನಲ್ಲಿ ಕುಕ್ಕರು, ಮಿಕ್ಸಿ ಜಾರು, ಐಸ್ ಹಾಕಿದ ಬೋಗುಣಿ, ಜಾಲರಿ, ಕಡಲೆಯ ಸಿಪ್ಪೆ ಅಂಟಿದ ಎರಡು ತಟ್ಟೆ: ಡಬ್ಬಿಯ ಗಾತ್ರಕ್ಕೂ ಮುಸುರೆಯ ಗಾತ್ರಕ್ಕೂ ತಾಳಮೇಳವಿಲ್ಲ. ಆರೋಗ್ಯಕ್ಕೆ ಒಳ್ಳೆಯದಲ್ಲವೇ ಎಂಬುದು ಇನ್ನೊಂದು ವಾದ. ವಿಶ್ವಸಂಸ್ಥೆ 2016ನ್ನೇ ಬೇಳೆಕಾಳುಗಳ ವರ್ಷವೆಂದು ಘೋಷಿಸಿತ್ತು, ಕಾಳಿನ ಪ್ರೋಟೀನು, ನಾರು, ಸೊಪ್ಪಿನ ಕಬ್ಬಿಣ, ಆ ಕಬ್ಬಿಣ ಮೈಗೆ ಹತ್ತಲು ನಿಂಬೆಯ ಸಿ ವಿಟಮಿನ್, ಎಲ್ಲವೂ ಒಪ್ಪಿಗೆ. ಆದರೆ ಡಿಪ್ಪನ್ನು ಯಾರೂ ಚಮಚದಲ್ಲಿ ತಿನ್ನುವುದಿಲ್ಲ. ಅದರ ನೆಪದಲ್ಲಿ ಕೂಟದವರು ಕರಿದ ಚಿಪ್ಸಿನ ದೊಡ್ಡ ಪೊಟ್ಟಣಗಳನ್ನು ನಿರಾಳ ಮನಸ್ಸಿನಿಂದ ಮುಗಿಸುತ್ತಾರೆ. ಸೌತೆಕಾಯಿ ಹೋಳಿನ ತಟ್ಟೆ ಮಾತ್ರ ಹೋದ ಹಾಗೇ ವಾಪಸು ಬರುತ್ತದೆ.

ಹಾಗಾದರೆ ಪರಿಹಾರ? ಅವನನ್ನು ತಡೆಯಬಾರದು, ಇನ್ನೂ ಹೆಚ್ಚು ಮಾಡಿಸಬೇಕು. ಮಂಗಳವಾರ ಆಫೀಸಿನಿಂದ ದಣಿದು ಬಂದ ಮೇಲೆ, ನೋಡುವವರು ಯಾರೂ ಇಲ್ಲದಿರುವಾಗ, ಮಕ್ಕಳ ಬುಧವಾರದ ಡಬ್ಬಿಗೆಂದು ಮಾಡಿಸಬೇಕು. ಮೊದಲು ಐಸ್ ನೀರು ತಪ್ಪುತ್ತದೆ. ಆಮೇಲೆ ಸಿಪ್ಪೆ ಸುಲಿಯುವುದು ನಿಲ್ಲುತ್ತದೆ. ಕ್ರಮೇಣ ಪತ್ರಹರಿತ್ತು, ಪೆಕ್ಟಿನ್ನು ಎಲ್ಲ ಮರೆಯಾಗಿ, "ಫ್ರಿಜ್ಜಲ್ಲಿದೆ, ಹಾಕ್ಕೊಳ್ಳಿ" ಎಂಬುದೊಂದೇ ಉಳಿಯುತ್ತದೆ. ಅಂದು ಅವನು ನಿಜವಾದ ಅಡುಗೆಯವನು. ಅಷ್ಟರೊಳಗೆ ಅವನು ಡಿಪ್ ಬಿಟ್ಟು ಮನೆಯಲ್ಲೇ ಹುಳಿಹಿಟ್ಟಿನ ಬ್ರೆಡ್ಡು ಸುಡುವುದಕ್ಕೆ ಹಾರಿದರೆ ಎಂದು ಕೇಳಬಹುದು. ಈ ಆಕ್ಷೇಪ ಗಂಭೀರವಾದದ್ದು, ಏಕೆಂದರೆ ಆ ಹಿಟ್ಟು ರಾತ್ರಿಯಿಡೀ ಉಬ್ಬಬೇಕು, ಅಷ್ಟು ಹೊತ್ತೂ ಅವನು ಬಿಡುವಾಗಿರುತ್ತಾನೆ. ಆದ್ದರಿಂದ ಅವನ ಹಮ್ಮಸ್ಸನ್ನು ಈಗಲೇ ಮನಸಾರೆ ಹೊಗಳಿ, ಸೌತೆಕಾಯಲ್ಲಿ ಬಳಿದು ಖಾಲಿ ಮಾಡಿ, "ಮಂಗಳವಾರಕ್ಕೂ ಸ್ವಲ್ಪ ಮಾಡಿಬಿಡಪ್ಪಾ" ಎಂದು ಒತ್ತಾಯಿಸುವುದೇ ಎಲ್ಲರಿಗೂ ಕ್ಷೇಮ.