ಬಿಲ್ಲಪ್ಪನವರ ಸಂಕಟ

ದರಮಿತಿ ಎಂದರೆ ಸಾಕು, ಖಾಸಗಿ ಆಸ್ಪತ್ರೆಗಳಿಗೆ ಮೈಯೆಲ್ಲ ಉರಿ. ಆಡಳಿತ ಮಂಡಳಿಯವರು ಮಾತಿಗೆ ಸಿಗಲಿಲ್ಲ. ಡಿಸ್ಚಾರ್ಜ್ ಕೌಂಟರಿನಲ್ಲಿ ಆರು ಪುಟದ ಬಿಲ್ಲೇ ಸಿಕ್ಕಿತು.

ಪ್ರಶ್ನೆ: ಬಿಲ್ಲಪ್ಪನವರೇ, ಸರ್ಕಾರ ದರ ಗೊತ್ತುಮಾಡಿದರೆ ನಿಮಗೇನು ಕಷ್ಟ?

ಬಿಲ್: ಸ್ಟೆಂಟ್ ವಿಷಯ ಎತ್ತಬೇಡಿ ಸಾರ್.

ಪ್ರಶ್ನೆ: ನಾನು ಎತ್ತಲೇ ಇಲ್ಲ.

ಬಿಲ್: 2017ರ ಫೆಬ್ರುವರಿ! ಲಕ್ಷದ ಮೇಲೆ ಮೆರೆಯುತ್ತಿದ್ದ ಔಷಧ ಲೇಪಿತ ಸ್ಟೆಂಟಿಗೆ 29,600 ರೂಪಾಯಿ ಅಂದರು. ಬರೀ ಲೋಹದ್ದಕ್ಕೆ 7,260. ನನ್ನ ಎರಡನೇ ಪುಟ ಬಡಕಲಾಗಿ ಹೋಯಿತು.

ಪ್ರಶ್ನೆ: ಮಿಕ್ಕ ಪುಟಗಳು ದಷ್ಟಪುಷ್ಟವಾಗಿವೆಯಲ್ಲ! 2018ರಲ್ಲಿ ಔಷಧ ದರ ಪ್ರಾಧಿಕಾರ ದಿಲ್ಲಿ ಸುತ್ತಿನ ನಾಲ್ಕು ಆಸ್ಪತ್ರೆಗಳ ಲೆಕ್ಕ ತೆಗೆದಾಗ ಕೆಲವು ಸಾಮಗ್ರಿಗಳ ಮೇಲಿನ ಲಾಭ ಶೇ 1,700 ದಾಟಿತ್ತು.

ಬಿಲ್: ಅದಿರಲಿ. ಸ್ಟೆಂಟ್ ಇದೆಯಲ್ಲ...

ಪ್ರಶ್ನೆ: ಪಾರ್ಕಿಂಗಿಗೆ ಯಾಕೆ ದುಡ್ಡು?

ಬಿಲ್: ಅದು ನನ್ನೊಳಗೆ ಬರಲ್ಲ, ಬೇರೆ ಚೀಟಿ.

ಪ್ರಶ್ನೆ: ರೋಗಿ ಒಳಗೆ ಹಾಸಿಗೆ ಬಾಡಿಗೆ ಕಟ್ಟಬೇಕು, ಸ್ಕೂಟರು ಹೊರಗೆ ನೆಲಬಾಡಿಗೆ ಕಟ್ಟಬೇಕು. ಸ್ಕೂಟರಿಗೇನು ಜ್ವರವೇ?

ಬಿಲ್: ಸಾರ್, ದರಮಿತಿ ಬಗ್ಗೆ ಕೇಳೋಕೆ ಬಂದವರು ನೀವು.

ಪ್ರಶ್ನೆ: ಹೌದು. 2017ರ ನವೆಂಬರಿನಲ್ಲಿ ಬೆಳಗಾವಿ ಅಧಿವೇಶನದ ಹೊತ್ತಿಗೆ, ಖಾಸಗಿ ಆಸ್ಪತ್ರೆಗಳ ಕಾಯ್ದೆಗೆ ತಿದ್ದುಪಡಿ ತರುವ ಮಸೂದೆ ವಿರೋಧಿಸಿ, ರಾಜ್ಯವಿಡೀ ಹೊರರೋಗಿ ವಿಭಾಗಕ್ಕೆ ಬೀಗ ಹಾಕಿಸಿದಿರಿ.

ಬಿಲ್: ಫಲವೂ ಸಿಕ್ಕಿತು! ಆಗಿನ ಆರೋಗ್ಯ ಸಚಿವ ರಮೇಶ್ ಕುಮಾರ್ ಸಾಹೇಬರ ಆ ಮಸೂದೆ ಕಾಯ್ದೆ ಆಗೋ ಹೊತ್ತಿಗೆ ದರ ನಿಗದಿ ಸರ್ಕಾರಿ ಯೋಜನೆಯ ರೋಗಿಗಳಿಗಷ್ಟೇ ಉಳೀತು. ಆ ಹಣವನ್ನೂ ಸರ್ಕಾರ ತಡವಾಗಿ ಕೊಡುತ್ತೆ.

ಪ್ರಶ್ನೆ: ಆ ದೂರು ನ್ಯಾಯವಾದದ್ದೇ. ಆದರೆ ನೀವು ಬಾಕಿ ಇದ್ದರೆ ಹೆಣ ಬಿಡುವುದಿಲ್ಲವಂತೆ?

ಬಿಲ್: ಅದು ಆಸ್ಪತ್ರೆ ಪಾಲಿಸಿ.

ಇಲ್ಲಿಗೆ ತಮಾಷೆ ಸಾಕು. ಅಪ್ಪನ ಶವ ಶವಾಗಾರದಲ್ಲಿರುವಾಗ ಮಗ ತಾಳಿ, ಸೈಟು, ಹಸು ಯಾವುದನ್ನು ಅಡ ಇಡಲಿ ಎಂದು ಫೋನು ಹಿಡಿದು ಅಲೆಯುವುದು ಯಾವ ಪಾಲಿಸಿ? ಬಾಕಿಗಾಗಿ ಶವ ತಡೆಯುವಂತಿಲ್ಲ ಎಂದು ಅದೇ 2017ರ ತಿದ್ದುಪಡಿ ಹೇಳುತ್ತದೆ. ಮುಷ್ಕರ ಮಾಡಿ ಕಾಯ್ದೆಯ ಹಲ್ಲು ಕಿತ್ತವರಿಗೆ, ಉಳಿದ ನಾಲ್ಕು ಸಾಲು ಪಾಲಿಸುವಷ್ಟಾದರೂ ನಾಚಿಕೆ ಬೇಡವೇ?

ಓದುಗರೇ, ದಾಖಲಾಗುವ ಮುನ್ನ ದರಪಟ್ಟಿ ಕೇಳಿ. ಅದನ್ನು ಎಲ್ಲರಿಗೂ ಕಾಣುವಂತೆ ಹಾಕುವುದು ಆಸ್ಪತ್ರೆಯ ಕರ್ತವ್ಯ. ತೋರಿಸದಿದ್ದರೆ, ಶವ ತಡೆದರೆ, ಜಿಲ್ಲಾಧಿಕಾರಿ ಅಧ್ಯಕ್ಷತೆಯ ಕುಂದುಕೊರತೆ ಪ್ರಾಧಿಕಾರಕ್ಕೆ ದೂರು ಬರೆಯಿರಿ. ಪಾರ್ಕಿಂಗ್ ಚೀಟಿಯನ್ನೂ ಲಗತ್ತಿಸಿ.