ರೋಗಿ ಬೇಗ ಮನೆಗೆ ಬಾರದಂತೆ ನೋಡಿಕೊಳ್ಳುವ ಕ್ರಮ

ಜಿಲ್ಲಾಸ್ಪತ್ರೆಯ ಜನರಲ್ ವಾರ್ಡಿಗೆ ಬರುವ ನೆಂಟರಿಷ್ಟರಿಗಾಗಿ ಈ ಕೈಪಿಡಿ. ಚಾಚೂತಪ್ಪದೆ ಪಾಲಿಸಿದರೆ ನಾಳೆ ಡಿಸ್ಚಾರ್ಜ್ ಆಗಬೇಕಾದವರನ್ನು ಸಲೀಸಾಗಿ ಇನ್ನೊಂದು ವಾರ ಉಳಿಸಿಕೊಳ್ಳಬಹುದು.

ಮೊದಲು ಕಿಟಕಿ ಮುಚ್ಚಿ. "ಅವರಿಗೆ ಗಾಳಿ ತಾಗುತ್ತೆ ಸಿಸ್ಟರ್" ಎನ್ನಿ. ಈ ಮಾತಿಗೆ ನಮ್ಮಲ್ಲಿ ಎದುರುತ್ತರವಿಲ್ಲ. ಫ್ಲಾರೆನ್ಸ್ ನೈಟಿಂಗೇಲ್ ಶುಶ್ರೂಷೆಯ ಬಗ್ಗೆ ಬರೆದ ಪುಸ್ತಕದ ಮೊದಲ ಅಧ್ಯಾಯವೇ ಗಾಳಿಯಾಡುವಿಕೆ, ಬೆಚ್ಚಗಿಡುವಿಕೆ ಕುರಿತದ್ದು. ಇರಲಿ, ಆಕೆ ನಮ್ಮ ಅತ್ತೆಯನ್ನು ಕಂಡಿರಲಿಲ್ಲ. ಮುಚ್ಚಿದ ಕಿಟಕಿಯ ಸರಳಿಗೆ ಒದ್ದೆ ಪಂಚೆ ಹರವಿ, ಹೊರಗಿನ ಬೇವಿನ ಮರವೂ ಕಾಣದಂತೆ ಮಾಡಿ. ಪಿತ್ತಕೋಶದ ಆಪರೇಷನ್ ಆದವರಲ್ಲಿ ಕಿಟಕಿಯಾಚೆ ಮರ ಕಂಡವರು, ಇಟ್ಟಿಗೆ ಗೋಡೆ ಕಂಡವರಿಗಿಂತ ಬೇಗ ಮನೆಗೆ ಹೋದರೆಂದು ಅಮೆರಿಕದ ರೋಜರ್ ಉಲ್ರಿಚ್ 1984ರಲ್ಲೇ ಬರೆದಿದ್ದಾರೆ. ಅಂಥ ಅಪಾಯ ನಮಗೇಕೆ?

ಇನ್ನು ಕೈ. ಬಸ್ಸಿನ ಕಂಬಿ, ಚಿಲ್ಲರೆ, ಬಾಳೆಹಣ್ಣು ಎಲ್ಲ ಮುಟ್ಟಿದ ಕೈಯಲ್ಲೇ ಬ್ಯಾಂಡೇಜಿನ ಅಂಚು ಎತ್ತಿ ಚಿಕ್ಕಮ್ಮನಿಗೆ ಹೊಲಿಗೆ ತೋರಿಸಿ. ಸೋಪು ಹಚ್ಚಿ ತೊಳೆಯಲು 40ರಿಂದ 60 ಸೆಕೆಂಡು ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಷ್ಟರಲ್ಲಿ ಒಂದು ರೀಲ್ಸ್ ಮುಗಿಯುತ್ತದೆ.

ಅತ್ಯಂತ ಫಲಕಾರಿ ವಿಧಾನ ಬೇರೆಯೇ ಇದೆ. ಊಟದ ಕ್ಯಾರಿಯರನ್ನು ಸಿಸ್ಟರ್ ಕೈ ತೊಳೆಯುವ ಸಿಂಕಿನಲ್ಲೇ ತೊಳೆಯಿರಿ. ಅನ್ನದ ಅಗುಳು, ನುಗ್ಗೆಕಾಯಿ ನಾರು ಜಾಲರಿಗೆ ಕೂತು, ಮೇಲೆ ಸಾರಿನ ಎಣ್ಣೆ ತೇಲುತ್ತ ನೀರು ನಿಲ್ಲಬೇಕು. ಆಮೇಲೆ ಆಕೆ ಒಬ್ಬರ ಗಾಯ ಕಟ್ಟಿ ಇನ್ನೊಬ್ಬರ ಗಾಯ ಮುಟ್ಟುವ ಮೊದಲು ವಾರ್ಡಿನ ಆ ತುದಿಯವರೆಗೆ ನಡೆಯಬೇಕಾಗುತ್ತದೆ. ರಾತ್ರಿ ಪಾಳಿಯಲ್ಲಿ ಒಬ್ಬರೇ ಇದ್ದು, ಮೂರು ಡ್ರಿಪ್ ಒಟ್ಟಿಗೆ ಖಾಲಿಯಾದಾಗ ಎಷ್ಟು ಸಲ ನಡೆದಾರು? ಒಂದೇ ಒಂದು ಸಲ ತಪ್ಪಿದರೆ ಸಾಕು, ನಿಮ್ಮ ಶ್ರಮ ಸಾರ್ಥಕ.

ರಕ್ತದ ಹತ್ತಿ ಹಾಕುವ ಹಳದಿ ಚೀಲಕ್ಕೆ ಕಿತ್ತಳೆ ಸಿಪ್ಪೆ ಹಾಕುವುದು, ಸ್ಪೀಕರ್ ಫೋನಿನಲ್ಲಿ ಊರ ಸುದ್ದಿ ಕೇಳುವುದು ನಿಮಗೆ ಕರಗತವೇ; ಹೇಳಿಕೊಡಬೇಕಿಲ್ಲ.

ಎಚ್ಚರಿಕೆ: ಚರಂಡಿ ತೊಳೆಸುವವರನ್ನು ಹತ್ತಿರ ಬಿಡಬೇಡಿ. ಕ್ರಿಮಿಯನ್ ಯುದ್ಧದ ವೇಳೆ ಸ್ಕುಟಾರಿಯ ಸೇನಾಸ್ಪತ್ರೆಯಲ್ಲಿ 1855ರ ಫೆಬ್ರವರಿಯಲ್ಲಿ ನೂರಕ್ಕೆ ಸುಮಾರು 42 ರೋಗಿಗಳು ಸಾಯುತ್ತಿದ್ದರು. ಮಾರ್ಚಿನಲ್ಲಿ ನೈರ್ಮಲ್ಯ ಆಯೋಗದವರು ಬಂದು ಚರಂಡಿಗೆ ನೀರು ಹಾಯಿಸಿ, ಗೋಡೆಗೆ ಸುಣ್ಣ ಬಳಿಸಿ, ಗಾಳಿಯಾಡಲು ದಾರಿ ಮಾಡಿದರು. ಜೂನ್ ಹೊತ್ತಿಗೆ ಸಾವು ನೂರಕ್ಕೆ ಎರಡರ ಆಸುಪಾಸಿಗೆ ಇಳಿಯಿತು. ಹೊಸ ಔಷಧಿ ಯಾವುದೂ ಬಂದಿರಲಿಲ್ಲ.

ನೆಲ ಒರೆಸುವ ಆಯಾ "ಸ್ವಲ್ಪ ಆಚೆ ನಿಲ್ರಣ್ಣ, ಒಣಗ್ಲಿ" ಎಂದರೆ ಚಪ್ಪಲಿ ಸಮೇತ ನಡುವೆಯೇ ದಾಟಿ.

ಇಷ್ಟಾದರೂ ರೋಗಿ ಚೇತರಿಸಿಕೊಂಡರೆ ಡಾಕ್ಟರಿಗೆ ಶಾಲು ಹೊದಿಸಿ. ಹೊಲಿಗೆ ಕೀವಾದರೆ ಸಿಸ್ಟರ್ ಮೇಲೆ ಕೂಗಾಡಿ. ಕೂಗುವಾಗ ಕೈಯಲ್ಲಿ ಕ್ಯಾರಿಯರ್ ಇಲ್ಲದಿದ್ದರೆ ಒಳ್ಳೆಯದು.